ಜೀರ್ಣೋದ್ಧಾರವಾದ ಒಂದು ಆಟ

ಕಳೆದ ದೀಪಾವಳಿಯ ರಜೆಗೆ ಮನೆಗೆ ಬಂದಿದ್ದ ನಮ್ಮ ಪುತ್ರಿಯು ರಾತ್ರಿಯೂಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಒಬ್ಬಳೇ ನಗುತ್ತಿದ್ದಳು. ಏನೆಂದು ವಿಚಾರಿಸಲಾಗಿ, “ಅಪ್ಪಾ, ಇದು ನಾನು ಹುಟ್ಟಿದ ವರ್ಷದ ಆಟ. ಚಿತ್ರಗಳನ್ನೆಲ್ಲ ಹೊಸದಾಗಿ ಬರೆದಿದ್ದಾರೆ. ನೀವೂ ಒಂದು ಗಳಿಗೆ ನೋಡಿ” ಎಂದಳು. ಈ ವಯಸ್ಸಿನಲ್ಲಿ ನಮಗೇಕೆ ಆಟವೆಂದುಕೊಂಡೇ ಕುಳಿತೆವು. ಏಳುವಾಗ ಗಡಿಯಾರವು ಹನ್ನೊಂದು ಹೊಡೆದಿತ್ತು.

‘ಡೇ ಆಫ್ ದಿ ಟೆಂಟಕಲ್’ ಎಂಬುದು ಅದರ ಹೆಸರು. ಅಮೆರಿಕದ ಲ್ಯೂಕಾಸ್‌ಆರ್ಟ್ಸ್ ಸಂಸ್ಥೆಯವರು 1993ರಲ್ಲಿ ಅದನ್ನು ಪ್ರಕಟಿಸಿದರು. ಟಿಮ್ ಶೇಫರ್, ಡೇವ್ ಗ್ರಾಸ್‌ಮನ್ ಎಂಬಿಬ್ಬರು ಮುಖ್ಯ ರಚನಕಾರರು. ಆ ಸಂಸ್ಥೆಯು ಆಟಗಳನ್ನು ರಚಿಸುವ ಕೆಲಸವನ್ನು 2013ರಲ್ಲಿ ನಿಲ್ಲಿಸಿಬಿಟ್ಟಿತು. ಶೇಫರರು ತಾವು ಬೇರೆಯಾಗಿ ಸ್ಥಾಪಿಸಿದ್ದ ಡಬಲ್ ಫೈನ್ ಸಂಸ್ಥೆಯಲ್ಲಿ ಅದರ ಜೀರ್ಣೋದ್ಧಾರವನ್ನು ನಡೆಸಿ 2016ರಲ್ಲಿ ಹೊರತಂದರು.

ಇದರಲ್ಲಿ ಕತ್ತಿ ಬಂದೂಕುಗಳ ಹೊಡೆದಾಟವಿಲ್ಲ. ಪರದೆಯ ಮೇಲೆ ಒಂದು ಕೋಣೆಯ ಚಿತ್ರ. ಅದರ ಕೆಳಗೆ ಕೊಡು, ಎತ್ತಿಕೊ, ಉಪಯೋಗಿಸು, ತೆರೆ, ನೋಡು, ತಳ್ಳು, ಮುಚ್ಚು, ಮಾತನಾಡಿಸು, ಎಳೆ ಎಂಬರ್ಥದ ಒಂಬತ್ತು ಕ್ರಿಯಾಪದಗಳು. ಮೌಸಿನಿಂದ ಮೊದಲು ಕ್ರಿಯಾಪದವನ್ನೂ ಬಳಿಕ ಚಿತ್ರದೊಳಗಿನ ವಸ್ತುವನ್ನೂ ಒತ್ತಿದರೆ ವಾಕ್ಯವು ಪೂರ್ತಿಯಾಗುತ್ತದೆ. ಕಥೆಯ ಪಾತ್ರವು ಅದರಂತೆ ನಡೆದುಕೊಳ್ಳುತ್ತದೆ. ಕರ್ಮ ಕರಣಗಳ ಭೇದವನ್ನು ಹುಡುಗರಿಗೆ ಕಪ್ಪುಹಲಗೆಯ ಮೇಲೆ ತಿದ್ದಿ ತಿದ್ದಿ ಬೇಸತ್ತಿದ್ದ ನಮಗೆ, ಕಾರಕವು ತಪ್ಪಿದರೆ ಬಾಗಿಲೇ ತೆರೆಯದ ಈ ಪಾಠಶಾಲೆಯು ಬಹಳ ಹಿಡಿಸಿತೆಂದು ಒಪ್ಪಿಕೊಳ್ಳಬೇಕು.

ಕಥೆಯು ಕೇವಲ ಹಾಸ್ಯದ್ದು. ವಿಜ್ಞಾನಿಯೊಬ್ಬನ ಯಂತ್ರದಿಂದ ಹರಿದ ಕೊಳಕು ನೀರನ್ನು ಕುಡಿದು, ಆಕ್ಟೋಪಸ್ಸಿನ ತೋಳಿನಂತಹ ನೇರಳೆ ಬಣ್ಣದ ಜಂತುವೊಂದು ಲೋಕವನ್ನಾಳಹೊರಡುತ್ತದೆ. ಅದನ್ನು ತಡೆಯಲೆಂದು ಮೂವರು ಸ್ನೇಹಿತರು ಕಾಲಯಂತ್ರವನ್ನೇರುತ್ತಾರೆ. ಯಂತ್ರವು ಕೆಟ್ಟು, ಒಬ್ಬನು 200 ವರ್ಷ ಹಿಂದಕ್ಕೂ ಒಬ್ಬಳು 200 ವರ್ಷ ಮುಂದಕ್ಕೂ ಹೋಗಿ ಬೀಳುತ್ತಾರೆ. ಮೂರನೆಯವನು ಇದ್ದಲ್ಲಿಯೇ ಉಳಿಯುತ್ತಾನೆ. ಮನೆ ಒಂದೇ, ಕಾಲ ಮೂರು. ಹೇಳಲು ಸಂಕೋಚವಾದರೂ ಹೇಳಬೇಕು: ಆ ಕಾಲಯಂತ್ರವು ಪಾಯಿಖಾನೆಯ ಆಕಾರದ್ದು. ಸಣ್ಣ ಪುಟ್ಟ ಸಾಮಾನುಗಳನ್ನು ಅದರಲ್ಲಿ ಹಾಕಿ ನೀರು ಬಿಟ್ಟರೆ ಅವು ಬೇರೊಂದು ಕಾಲದ ಸ್ನೇಹಿತನ ಕೈ ಸೇರುತ್ತವೆ.

ಮುಂದಿನ ಕಾಲಕ್ಕೆ ಹೋದ ಹುಡುಗಿಯು ಒಂದು ಮರದಲ್ಲಿ ಸಿಕ್ಕಿಕೊಂಡು ತೂಗಾಡುತ್ತಿರುವಳು. ಅದೇ ಮರವು ಹಿಂದಿನ ಕಾಲದಲ್ಲಿಯೂ ಉಂಟು. ಕಮ್‌ಕ್ವಾಟ್ ಎಂಬ ಕಿತ್ತಳೆಯ ಜಾತಿಯ ಹಣ್ಣಿನದು. ಆಗ ಅಮೆರಿಕದ ಸಂವಿಧಾನವನ್ನು ಬರೆಯುತ್ತ ಅದೇ ಮನೆಯಲ್ಲಿ ಜಾರ್ಜ್ ವಾಷಿಂಗ್ಟನ್ನರು ತಂಗಿರುತ್ತಾರೆ. ಅವರು ಬಾಲ್ಯದಲ್ಲಿ ಚೆರ್ರಿ ಮರವನ್ನು ಕಡಿದು ತಂದೆಯ ಮುಂದೆ ನಿಜವನ್ನೊಪ್ಪಿದರೆಂಬ ದಂತಕಥೆಯೊಂದು ಆ ದೇಶದಲ್ಲಿ ಪ್ರಸಿದ್ಧ. ಹಿಂದೆ ಹೋದ ಹುಡುಗನು ಆ ಹಣ್ಣುಗಳಿಗೆ ಕೆಂಪು ಬಣ್ಣ ಬಳಿಯಬೇಕು. ವಾಷಿಂಗ್ಟನ್ನರು ಚೆರ್ರಿಯೆಂದು ಭ್ರಮಿಸಿ ಕೊಡಲಿಯೆತ್ತಿದೊಡನೆ, ಮುಂದಿನ ಕಾಲದಲ್ಲಿ ಮರವು ಮಾಯವಾಗಿ ಹುಡುಗಿಯು ನೆಲಕ್ಕೆ ಬೀಳುವಳು! ಇನ್ನೊಂದು ಕಡೆ, ಜೆಫರ್ಸನ್ನರು ಮುಂದಿನ ಪೀಳಿಗೆಗಾಗಿ ಹುಗಿಯಿಸುವ ಪೆಟ್ಟಿಗೆಯೊಳಗೆ ದ್ರಾಕ್ಷಾರಸದ ಸೀಸೆಯನ್ನಿಟ್ಟರೆ, 400 ವರ್ಷಗಳ ಮೇಲೆ ಅದು ಹುಳಿತು ವಿನಿಗರ್ ಆಗಿ ಸಿಕ್ಕುತ್ತದೆ. ಅದು ಪುನಃ ಹಿಂದಿನ ಕಾಲಕ್ಕೇ ಬೇಕು. ಇದನ್ನು ಬಿಡಿಸಲು ನಮ್ಮ ಪುತ್ರಿಯ ಸಹಾಯವನ್ನು ಬೇಡಬೇಕಾಯಿತು.

ಇನ್ನು ಜೀರ್ಣೋದ್ಧಾರದ ವಿಷಯ. ಮೂಲದ ಚಿತ್ರಗಳು ಅಡ್ಡಕ್ಕೆ 320, ಎತ್ತರಕ್ಕೆ 200 ಚುಕ್ಕೆಗಳಿಂದಾದವು. ಇಂದಿನ ಪರದೆಯ ಮೇಲೆ ಚೌಕಳಿ ಚೌಕಳಿಯಾಗಿ ಕಾಣುತ್ತವೆ. ಅವನ್ನೆಲ್ಲ ಕೈಯಿಂದ ಪುನಃ ಬರೆದು ನಯಗೊಳಿಸಿದ್ದಾರೆ; ಧ್ವನಿಯನ್ನೂ ಶುದ್ಧಿಮಾಡಿದ್ದಾರೆ. ಆದರೆ ಒಗಟುಗಳನ್ನು ಸಡಿಲಿಸಿಲ್ಲ, ಕಥೆಯನ್ನು ತಿದ್ದಿಲ್ಲ. ಒಳಗಿನ ಕೋಣೆಯೊಂದರ ಕಂಪ್ಯೂಟರಿನಲ್ಲಿ ಇದಕ್ಕೂ ಹಿಂದಿನ 1987ರ ‘ಮೇನಿಯಾಕ್ ಮ್ಯಾನ್ಷನ್’ ಎಂಬ ಆಟವನ್ನು ಇಡಿಯಾಗಿ ಅಡಗಿಸಿಟ್ಟಿದ್ದರಷ್ಟೆ. ಅದನ್ನೂ ಹಾಗೆಯೇ ಉಳಿಸಿದ್ದಾರೆ. ಕ್ರಿಯಾಪದಗಳನ್ನು ಮಾತ್ರ ಪಟ್ಟಿಯಿಂದ ತೆಗೆದು, ವಸ್ತುವಿನ ಬಳಿ ಮೂಡುವ ಚಕ್ರದಲ್ಲಿಟ್ಟಿರುವರು. ನಮಗೆ ಹಳೆಯ ಪಟ್ಟಿಯೇ ಲೇಸು. ನಾವು ಹಾಗೆಂದೊಡನೆ ಪುತ್ರಿಯು ಅದನ್ನೇ ತಂದಿಟ್ಟಳು! ಚಿತ್ರ, ಧ್ವನಿ, ಪಟ್ಟಿ ಇವುಗಳಲ್ಲಿ ಯಾವುದನ್ನು ಬೇಕಾದರೂ ಹಳೆಯ ರೂಪದಲ್ಲಿಟ್ಟುಕೊಳ್ಳಬಹುದು. ಕೀಲಿಯನ್ನೊತ್ತಿದರೆ ಹೊಸದು ಸರಿದು ಹಳೆಯದು ಅಲ್ಲಿಯೇ ನಿಂತಿರುತ್ತದೆ. ಪುಣೆಯ ಭಂಡಾರಕರ ಮಂದಿರದವರು ಮಹಾಭಾರತವನ್ನು ಪರಿಷ್ಕರಿಸಿದಾಗ ಪಾಠಾಂತರಗಳನ್ನು ಪುಟದ ಕೆಳಗೆ ಮುದ್ರಿಸಿದ್ದುದು ನಮ್ಮ ನೆನಪಿಗೆ ಬಂತು.

ಅದರೊಡನೆ ಇನ್ನೊಂದು ನೆನಪೂ ಬಂತು. ನಮ್ಮ ತೀರ್ಥರೂಪರು ಮನೆಯ ಹೆಂಗಸರ ಬಾಯಿಂದ ಕೇಳಿ ಬರೆದಿಟ್ಟಿದ್ದ ಹಸೆಯ ಹಾಡುಗಳ ಪುಸ್ತಕವೊಂದಿತ್ತು. ಹುಳು ತಿನ್ನುತ್ತಿದ್ದುದರಿಂದ, ಆಗತಾನೇ ಸಂಸ್ಕೃತದ ಪರೀಕ್ಷೆಯನ್ನು ಮುಗಿಸಿದ್ದ ನಾವು ಅದನ್ನು ನಕಲು ಮಾಡಿದೆವು. ನಕಲು ಮಾಡುವಾಗ ಅಪಶಬ್ದಗಳನ್ನೆಲ್ಲ ತಿದ್ದಿದೆವು. ಛಂದಸ್ಸು ಕೆಟ್ಟಲ್ಲಿ ನಮ್ಮದೇ ಪದಗಳನ್ನು ತುಂಬಿದೆವು. ಹಳೆಯ ಪುಸ್ತಕವು ಬಚ್ಚಲೊಲೆಗೆ ಹೋಯಿತು. ಪುತ್ರಿಯ ಮದುವೆಯಲ್ಲಿ ಆ ನಕಲನ್ನು ನಮ್ಮ ಸೋದರತ್ತೆಯವರ ಕೈಗೆ ಕೊಟ್ಟಾಗ, ಎರಡು ಸಾಲು ಓದಿ, “ಚೆನ್ನಾಗಿದೆಯಪ್ಪ, ಆದರೆ ಇದು ನಮ್ಮ ಹಾಡಲ್ಲ” ಎಂದು ಮಡಿಸಿಟ್ಟರು.

ಅತ್ತೆಯವರಿಗೆ ಈಗ ಎಂಬತ್ತಾರು ವರ್ಷ. ದೀಪಾವಳಿ ಕಳೆದಂದಿನಿಂದ ಪ್ರತಿ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇವೆ. ಅವರು ಹೇಳಿದುದನ್ನು ಹೇಳಿದಂತೆಯೇ ಎಡಪುಟದಲ್ಲಿ ಬರೆದು, ನಾವು ಹಿಂದೆ ತಿದ್ದಿದ್ದ ಪಾಠವನ್ನು ಬಲಪುಟದಲ್ಲಿ ಹಾಕುತ್ತಿದ್ದೇವೆ. ಈವರೆಗೆ ಏಳು ಹಾಡುಗಳು ಬಂದಿವೆ. ಎಂಟನೆಯದರ ಕೊನೆಯ ನುಡಿಯು ಅವರಿಗೂ ನೆನಪಾಗುತ್ತಿಲ್ಲ. ಅಲ್ಲಿ ಎಡಪುಟವನ್ನು ಖಾಲಿಯಾಗಿಯೇ ಬಿಟ್ಟಿದ್ದೇವೆ.