ಒಂದಗುಳು ಸಾಲದು

"ತಾತ, ಗೆಳತಿಯ ಫೋನಿಗೆ ಹೊಸ ಅಪ್‌ಡೇಟ್ ಬಂದಿದೆ. ನಮ್ಮದಕ್ಕೆ ಇನ್ನೂ ಇಲ್ಲ. ಸಿದ್ಧವಾಗಿದ್ದರೂ ಯಾಕೆ ತಡ ಮಾಡ್ತಾರೆ?" ಮೊಮ್ಮಗಳಿಗೆ ಮುನಿಸು.

ಮಕ್ಕಳೇ, ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. 2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಹೊಸ ಅಪ್‌ಡೇಟ್ ಬಿಟ್ಟಿತು. ಹಾಕಿಕೊಂಡ ಕೆಲವರ ಕಂಪ್ಯೂಟರಿನಲ್ಲಿ ಫೋಟೊ, ಕಾಗದಪತ್ರಗಳೆಲ್ಲ ಮಾಯ! ಅವರು ತಮ್ಮ ಫೋಲ್ಡರುಗಳ ಜಾಗ ಬದಲಿಸಿದ್ದರು. ಹಳೆಯ ಜಾಗದಲ್ಲಿ ಇನ್ನೂ ಫೈಲುಗಳಿದ್ದರೂ ಅಪ್‌ಡೇಟ್ ಅದನ್ನು ಅಳಿಸಿಬಿಟ್ಟಿತ್ತು. ಕೆಲವೇ ದಿನಗಳಲ್ಲಿ ಕಂಪನಿ ವಿತರಣೆ ನಿಲ್ಲಿಸಿತು. ತಪ್ಪು ತಿದ್ದಿ, ಪರೀಕ್ಷಿಸಲು ಒಪ್ಪಿದವರಿಗೆ ಮೊದಲು ಕೊಟ್ಟು ನೋಡಿ, ನವೆಂಬರ್ 13ರಂದು ಮತ್ತೆ ಬಿಟ್ಟಿತು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಅಜ್ಜಿಗೆ ಒಂದಗುಳು ಹಿಸುಕಿದರೆ ಸಾಕು. ಕಂಪ್ಯೂಟರು, ಫೋನುಗಳು ಹಾಗಲ್ಲ. ಒಂದರಲ್ಲಿ ಸರಿಯಾಗಿ ನಡೆದದ್ದು ಇನ್ನೊಂದರಲ್ಲಿ ಕೆಡಬಹುದು. ಅದಕ್ಕೇ ಮೊದಲು ಕೆಲವರಿಗೆ ಕೊಟ್ಟು, ದೂರು ಬಂತೇ ಎಂದು ಕಾದು, ಆಮೇಲೆ ಹಂತಹಂತವಾಗಿ ಉಳಿದವರಿಗೆ ಹಂಚುತ್ತಾರೆ.

ಅಪ್‌ಡೇಟ್ ತಡವಾದರೆ ಕೆಲವು ದಿನ ಕಾದರಾಯಿತು. ಅಳಿಸಿಹೋದ ಫೋಟೊ ಮರಳಿ ಸಿಗುತ್ತದೆಂಬ ಭರವಸೆಯಿಲ್ಲ. ಅಜ್ಜ ಅಜ್ಜಿಯರೇ, ಗುಂಡಿ ಒತ್ತುವ ಮೊದಲು ಮೊಮ್ಮಕ್ಕಳ ಫೋಟೊಗಳ ಇನ್ನೊಂದು ಪ್ರತಿ ಬೇರೆ ಕಡೆ ತೆಗೆದಿಡಿ. ಹೇಗೆಂದು ತಿಳಿಯದಿದ್ದರೆ ಮೊಮ್ಮಕ್ಕಳನ್ನೇ ಕೇಳಿ!