ಗೋಡೆ ಒಡೆಯುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಎಚ್ಚರಿಸಿದ ಹಿರಿಯರು, ಕಟ್ಟಿದ ಮನೆಯನ್ನು ಒಡೆದು ಸರಿಪಡಿಸುವ ಕಷ್ಟವನ್ನು ಕುರಿತು ಏನನ್ನೂ ಹೇಳಿಹೋಗಲಿಲ್ಲ. ಆ ಕಷ್ಟವು ಈಗ ಬೆಂಗಳೂರಿನ ಪೂರ್ವ ಭಾಗದ ಅನೇಕ ಸಂಸಾರಗಳ ಪಾಲಿಗೆ ಬಂದಿದೆ. 1809ರಲ್ಲಿ ದಂಡು ನೆಲೆಗೊಂಡ ಮೇಲೆ ಎದ್ದ ಬಂಗಲೆಗಳಲ್ಲಿ ಉಳಿದಿರುವ ಕೆಲವು, 1898ರ ಪ್ಲೇಗಿನ ತರುವಾಯ ಬೆಳೆದ ಫ್ರೇಜರ್ ಟೌನಿನಂತಹ ಬಡಾವಣೆಗಳ ಮನೆಗಳು, ಹಲಸೂರಿನ ಹಳೆಯ ಬೀದಿಗಳ ತಾರಸಿ ಮನೆಗಳು, ಎಪ್ಪತ್ತರ ದಶಕದಲ್ಲಿ ರೂಪುಗೊಂಡ ಇಂದಿರಾನಗರದ ಮನೆಗಳು, ಇವೆಲ್ಲಕ್ಕೂ ವಯಸ್ಸಾಗಿದೆ. ಮಕ್ಕಳು ದೊಡ್ಡವರಾಗಿದ್ದಾರೆ, ಹಿರಿಯರ ಮಂಡಿ ನೋಯುತ್ತಿದೆ, ಅಡಿಗೆಮನೆ ಇಕ್ಕಟ್ಟಾಗಿದೆ. ನಿವೃತ್ತಿಯ ಹಣವೋ, ಬ್ಯಾಂಕಿನ ಸಾಲವೋ ಕೈಗೆ ಬಂದೊಡನೆ ಗೃಹಸ್ಥನು ಮೇಸ್ತ್ರಿಯನ್ನು ಕರೆಯುತ್ತಾನೆ.

ಒಳಾಂಗಣ ವಿನ್ಯಾಸಕಾರರೊಬ್ಬರನ್ನು ಕೇಳಬಾರದೇ ಎಂದು ಯಾರಾದರೂ ಸೂಚಿಸಿದರೆ, “ಪರದೆಯ ಬಣ್ಣ ಆರಿಸುವುದಕ್ಕೆ ಪಂಡಿತರೇಕೆ?” ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೆಲಸವು ಪರದೆಗೂ ಬಣ್ಣಕ್ಕೂ ಮುಗಿಯುವುದಾದರೆ ಆ ಉತ್ತರ ಸರಿಯೇ. ಆದರೆ ಹಳೆಯ ಮನೆಯಲ್ಲಿ ಸೋಫಾಕ್ಕಿಂತಲೂ, ಗಾಜಿನ ದೀಪಕ್ಕಿಂತಲೂ ದುಬಾರಿಯಾದುದು ಒಂದುಂಟು: ಯೋಚಿಸದೆ ಹಾಕಿದ ಸುತ್ತಿಗೆಯ ಪೆಟ್ಟು. ಬಲ್ಲ ವಿನ್ಯಾಸಕಾರರಿಗೆ ಕೊಡುವ ಹಣದಲ್ಲಿ ಹೆಚ್ಚಿನ ಭಾಗವು ಆ ಪೆಟ್ಟಿಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳಿಗೆ ಸಲ್ಲುತ್ತದೆ.

ಮೊದಲನೆಯದು ಭಾರದ ಪ್ರಶ್ನೆ. ದಂಡಿನ ಭಾಗದ ಹಳೆಯ ಮನೆಗಳಲ್ಲಿ ಮದರಾಸು ತಾರಸಿಯೇ ಸಾಮಾನ್ಯ. ತೇಗದ ತೊಲೆಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಿಂದ ಬೆಸೆದು, ಇಟ್ಟಿಗೆಚೂರಿನ ಗಚ್ಚನ್ನು ಹಾಸಿ ಬಡಿದು ಗಟ್ಟಿಮಾಡಿದ ಚಾವಣಿಯದು. ಆ ತೊಲೆಗಳ ತುದಿಗಳು ಕುಳಿತಿರುವುದು ಗೋಡೆಗಳ ಮೇಲೆ. ಇಂದಿರಾನಗರದ ಮೊದಲ ಕಾಲದ ಮನೆಗಳಲ್ಲಿಯೂ ಕಾಂಕ್ರೀಟ್ ತಾರಸಿಯ ಭಾರವನ್ನು ಕಂಬಗಳ ಬದಲು 9 ಅಂಗುಲದ ಗೋಡೆಗಳೇ ಹೊತ್ತಿರುವುದು ಅಪರೂಪವಲ್ಲ. ನಡುಮನೆಗೂ ಊಟದ ಕೋಣೆಗೂ ನಡುವಿನ ಗೋಡೆಯನ್ನು ತೆಗೆದು ಒಂದೇ ದೊಡ್ಡ ಹಜಾರ ಮಾಡಬೇಕೆಂಬ ಆಸೆ ಎಲ್ಲರಿಗೂ ಇದೆ. “ಆಗಲಿ ಸ್ವಾಮಿ” ಎನ್ನುವ ಮೇಸ್ತ್ರಿಯೂ ಸಿಗುತ್ತಾನೆ. ಅದು ಭಾರ ಹೊತ್ತ ಗೋಡೆಯೋ, ಬರಿಯ 4½ ಅಂಗುಲದ ಅಡ್ಡಗೋಡೆಯೋ ಎಂಬುದನ್ನು ಮೊದಲು ತಿಳಿಯಬೇಕು. ಒಳ್ಳೆಯ ವಿನ್ಯಾಸಕಾರರು ಇದನ್ನು ತಾವೇ ತೀರ್ಮಾನಿಸದೆ, ಕಟ್ಟಡದ ಬಲವನ್ನು ಲೆಕ್ಕಹಾಕುವ ಎಂಜಿನಿಯರರನ್ನು ಕರೆಸುತ್ತಾರೆ. ಅಗತ್ಯವಾದರೆ ಮೊದಲು ಚಾವಣಿಗೆ ಊರೆ ಕೊಟ್ಟು, ಉಕ್ಕಿನ ತೊಲೆಯನ್ನು ಕೂರಿಸಿದ ಮೇಲೆಯೇ ಗೋಡೆಯನ್ನು ತೆರೆಯುವುದು. ಬಿರುಕು ಬಿಟ್ಟ ಮೇಲೆ ಕೇಳುವ ಸಲಹೆಗೆ ಬೆಲೆ ಹತ್ತುಪಟ್ಟು.

ಎರಡನೆಯದು ಗಾಳಿ ಮತ್ತು ತೇವದ ಪ್ರಶ್ನೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಈ ಊರಿನಲ್ಲಿ ಹಳಬರು ಮನೆಯನ್ನು ತಂಪಾಗಿಡುತ್ತಿದ್ದ ಉಪಾಯ ಸರಳವಾದುದು: ಎತ್ತರವಾದ ಚಾವಣಿ, ಅದರ ಕೆಳಗೆ ಗವಾಕ್ಷಿ. ಬಿಸಿಗಾಳಿ ಮೇಲೇರಿ ಗವಾಕ್ಷಿಯಿಂದ ಹೊರಗೆ ಹೋಗುತ್ತದೆ, ತಂಪು ಗಾಳಿ ಕಿಟಕಿಯಿಂದ ಒಳಗೆ ಬರುತ್ತದೆ. ಅಂದಕ್ಕಾಗಿ ‘ಫಾಲ್ಸ್ ಸೀಲಿಂಗ್’ ಎಂಬ ಕೃತಕ ಒಳಚಾವಣಿಯನ್ನು ಇಳಿಬಿಟ್ಟು ಗವಾಕ್ಷಿಯನ್ನು ಮುಚ್ಚಿದರೆ ಕೋಣೆ ಕಾಯುತ್ತದೆ. ಆಮೇಲೆ ಏರ್‌ಕಂಡಿಷನರ್ ಬೇಕೆನಿಸುತ್ತದೆ, ತಿಂಗಳು ತಿಂಗಳೂ ವಿದ್ಯುತ್ತಿನ ಬಿಲ್ಲು ಬೆಳೆಯುತ್ತದೆ. ಸುಣ್ಣದ ಗಾರೆಯ ಗೋಡೆಯ ಸ್ಥಿತಿಯೂ ಹೀಗೆಯೇ. ಅದು ಹೀರಿಕೊಂಡ ತೇವವನ್ನು ಮೆಲ್ಲಗೆ ಹೊರಗೆ ಬಿಡುತ್ತಿರುತ್ತದೆ. ಅದರ ಮೇಲೆ ಸಿಮೆಂಟು ಬಳಿದು ಪ್ಲಾಸ್ಟಿಕ್ ಬಣ್ಣ ಹೊಡೆದರೆ ತೇವಕ್ಕೆ ದಾರಿ ತಪ್ಪಿ, ಎರಡು ಮಳೆಗಾಲಗಳಲ್ಲಿ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಮನೆಯೊಡೆಯನು ಬಣ್ಣದ ಕಂಪೆನಿಯನ್ನು ಬೈಯುತ್ತಾನೆ, ತಪ್ಪು ಮಾತ್ರ ಗಾರೆಯ ಆಯ್ಕೆಯದು.

ಮೂರನೆಯದು ಮನೆಯಲ್ಲಿ ಬಾಳುವವರ ಪ್ರಶ್ನೆ. ಆಸ್ಟ್ರಿಯಾದ ಮಾರ್ಗರೆಟೆ ಶ್ಯುಟ್ಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಅಡಿಗೆಮನೆಯೊಂದನ್ನು ರೂಪಿಸಿದರು. ಅಡಿಗೆ ಮಾಡುವವಳ ಕೆಲಸಗಳನ್ನೂ ಹೆಜ್ಜೆಗಳನ್ನೂ ಲೆಕ್ಕಹಾಕಿ, ಎರಡು ಮೀಟರಿಗೂ ಕಡಿಮೆ ಅಗಲದ ಕೋಣೆಯಲ್ಲಿ ಒಲೆ, ತೊಟ್ಟಿ, ಕಪಾಟುಗಳನ್ನು ಕೈಗೆಟುಕುವಂತೆ ಜೋಡಿಸಿದರು. ಇಂದಿನ ‘ಮಾಡ್ಯುಲರ್’ ಅಡಿಗೆಮನೆಗೆ ಅದೇ ಮೂಲವೆನ್ನಬಹುದು. ಅವರಿಂದ ಕಲಿಯಬೇಕಾದುದು ಅಳೆಯುವ ಕ್ರಮವನ್ನು. ಫ್ರಾಂಕ್‌ಫರ್ಟಿನ ಅಳತೆಯು ಹಲಸೂರಿನ ಗೃಹಿಣಿಗೆ ಹೊಂದಬೇಕಿಲ್ಲ. ಅವಳ ಮನೆಯಲ್ಲಿ ಉಪ್ಪಿನಕಾಯಿ ಜಾಡಿಗಳಿವೆ, ರುಬ್ಬುವ ಯಂತ್ರವಿದೆ, ಹಬ್ಬಕ್ಕೆ ಇಪ್ಪತ್ತು ಜನರ ಅಡಿಗೆಯಿದೆ, ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ಕೂರುವ ಅತ್ತೆಯಿದ್ದಾರೆ. ಕಟ್ಟೆಯ ಎತ್ತರ ಅಲ್ಲಿ ನಿಲ್ಲುವವಳ ಮೊಣಕೈಗಿಂತ ತುಸು ತಗ್ಗಾಗಿರಬೇಕು. ಅಂಗಡಿಯವನ ಸಿದ್ಧ ಅಳತೆಯಂತೆ ಕಟ್ಟಿದರೆ ಅವಳ ಬೆನ್ನು ವರ್ಷಗಟ್ಟಲೆ ಸುಂಕ ತೆರುತ್ತದೆ. ಬಚ್ಚಲಿನಲ್ಲಿ ಜಾರದ ನೆಲ, ಗೋಡೆಗೆ ಹಿಡಿಕೆ, ಮುಂದೆ ಗಾಲಿಕುರ್ಚಿ ಬಂದರೂ ಹಾಯುವಷ್ಟು ಅಗಲದ ಬಾಗಿಲು, ಇವೆಲ್ಲ ಕೆಲಸ ನಡೆಯುವಾಗ ಅಲ್ಪ ಖರ್ಚಿನಲ್ಲಿ ಆಗುತ್ತವೆ. ಹಿರಿಯರೊಬ್ಬರು ಬಿದ್ದ ಮೇಲೆ ಮಾಡಿಸಿದರೆ ಆ ನೋವು ಹಿಂದಕ್ಕೆ ಹೋಗುವುದಿಲ್ಲ.

ಹಳೆಯದನ್ನು ಉಳಿಸಿಯೂ ಹೊಸದನ್ನು ಪಡೆಯಬಹುದೆಂಬುದಕ್ಕೆ ಸಾಕ್ಷಿ ಬೇಕಾದವರು ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲನ್ನು ನೋಡಿಬರಬಹುದು. ಒಂದು ಕಾಲಕ್ಕೆ ಸಿರಿವಂತರ ವಾಸದ ಮನೆಯಾಗಿದ್ದ ಅದು, 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಹಳೆಯ ಮಹಲಿನ ಕೋಣೆಗಳನ್ನು ಚಿತ್ರಗಳಿಗೆ ಅಣಿಗೊಳಿಸಿ, ಹೆಚ್ಚಿನ ಜಾಗಕ್ಕಾಗಿ ಹೊಸ ಕಟ್ಟಡವೊಂದನ್ನು ಕೂಡಿಸಲಾಯಿತು. ಮಧ್ಯಮ ವರ್ಗದ ಮನೆಗೆ ಮಹಲಿನ ಹಣವಿಲ್ಲ, ನಿಜ. ಆದರೆ ಯಾವುದನ್ನು ಮುಟ್ಟಬಾರದೆಂದು ಮೊದಲು ಗೊತ್ತುಮಾಡಿಕೊಳ್ಳುವ ವಿವೇಕಕ್ಕೆ ಹಣ ಬೇಕಿಲ್ಲ.

ಇನ್ನು ಯಾರನ್ನು ನಂಬುವುದು? 1972ರ ವಾಸ್ತುಶಿಲ್ಪಿಗಳ ಅಧಿನಿಯಮದಂತೆ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳಬಹುದು. ಒಳಾಂಗಣ ವಿನ್ಯಾಸಕಾರ ಎಂಬ ಹೆಸರಿಗೆ ಅಂತಹ ಕಾಯಿದೆಯ ಕಾವಲಿಲ್ಲ. ಆದುದರಿಂದ ಬಣ್ಣದ ಚಿತ್ರಗಳಿಗೆ ಮರುಳಾಗದೆ, ಅವರು ಐದು ವರ್ಷದ ಹಿಂದೆ ಮಾಡಿದ ಮನೆಯೊಂದನ್ನು ನೋಡಿ, ಆ ಮನೆಯವರೊಡನೆ ಮಾತನಾಡುವುದು ಲೇಸು. ಸಂಭಾವನೆಯನ್ನು ಒಟ್ಟು ಖರ್ಚಿನ ಶೇಕಡಾವಾರು ಗೊತ್ತುಮಾಡಿದರೆ, ಖರ್ಚು ಬೆಳೆದಂತೆ ಅದೂ ಬೆಳೆಯುತ್ತದೆಂಬುದನ್ನು ಮರೆಯಬಾರದು. ಇಂತಿಷ್ಟು ಎಂದು ನಿಗದಿಪಡಿಸುವುದು ಸಣ್ಣ ಸಂಸಾರಕ್ಕೆ ಕ್ಷೇಮ. ಅಂಗಡಿಗಳಿಂದ ಕಮಿಷನ್ ಪಡೆಯುವುದುಂಟೇ ಎಂದು ಸಂಕೋಚವಿಲ್ಲದೆ ಕೇಳಬೇಕು. ನಕ್ಷೆ, ಸಾಮಗ್ರಿಯ ಪಟ್ಟಿ, ಗಡುವು, ಕಂತುಗಳು ಎಲ್ಲವೂ ಬರಹದಲ್ಲಿರಬೇಕು. ನೀರು ತಾಗುವೆಡೆಗೆ ಐ.ಎಸ್. 710 ಗುರುತಿನ ಪ್ಲೈವುಡ್ ಎಂದು ಬರೆದಿದ್ದರೆ, ಅಗ್ಗದ ಹಲಗೆ ಒಳಸೇರಿದಾಗ ಕೇಳುವ ಹಕ್ಕಿರುತ್ತದೆ. ಕೊನೆಯ ಕಂತನ್ನು ಕೆಲಸವೆಲ್ಲ ನೋಡಿ ಮುಗಿಸುವವರೆಗೆ ಕೈಯಲ್ಲಿರಿಸಿಕೊಳ್ಳಬೇಕು.

ಪೂರ್ತಿ ಕೆಲಸವನ್ನು ವಹಿಸಲು ಶಕ್ತಿಯಿಲ್ಲದವರು ಒಂದೆರಡು ಭೇಟಿಗೆ ಶುಲ್ಕ ಕೊಟ್ಟು ಸಲಹೆಯನ್ನೂ ನಕ್ಷೆಯನ್ನೂ ಪಡೆದು, ತಾವೇ ಮೇಸ್ತ್ರಿಯಿಂದ ಮಾಡಿಸಬಹುದು. ಒಳ್ಳೆಯ ಮೇಸ್ತ್ರಿಗೆ ನಕ್ಷೆ ಸಿಕ್ಕರೆ ಅವನ ಕೈಚಳಕವೂ ಹೆಚ್ಚುತ್ತದೆ. ಮೊದಲ ಭೇಟಿಯಲ್ಲಿಯೇ ವಿನ್ಯಾಸಕಾರರ ಯೋಗ್ಯತೆಯನ್ನು ಗುರುತಿಸಲು ಗೃಹಿಣಿಗೆ ಒಂದು ಸುಲಭವಾದ ಉಪಾಯವುಂಟು. ಬಂದವರು ಮೊದಲು ತಮ್ಮ ಚಿತ್ರಗಳ ಪುಸ್ತಕವನ್ನು ತೆರೆಯುತ್ತಾರೋ, ಇಲ್ಲವೇ ಈ ಮನೆಯಲ್ಲಿ ಬೆಳಗ್ಗೆ ಮೊದಲು ಏಳುವವರು ಯಾರು, ಬಿಸಿಲು ಯಾವ ಕಿಟಕಿಗೆ ಬರುತ್ತದೆ, ಮಳೆಗಾಲದಲ್ಲಿ ಯಾವ ಗೋಡೆ ಒದ್ದೆಯಾಗುತ್ತದೆ ಎಂದು ಕೇಳುತ್ತಾರೋ ಎಂಬುದನ್ನು ಗಮನಿಸಿದರೆ ಸಾಕು. ಎರಡನೆಯವರಿಗೆ ಒಂದು ಲೋಟ ಕಾಫಿ ಹೆಚ್ಚಾಗಿಯೇ ಕೊಡಬಹುದು.