ಗುಂಡಿ ಒತ್ತಿದರೆ ಸಾಲದು, ಲೆಕ್ಕವೂ ತಿಳಿಯಬೇಕು

ಹಾನಗಲ್ಲ ತಾಲೂಕಿನ ತಿಳವಳ್ಳಿಯಲ್ಲಿ ಇಂದು ಚಹದಂಗಡಿಯಿಂದ ಕಿರಾಣಿ ಅಂಗಡಿಯವರೆಗೆ ಗಿರಾಕಿಗಳು ಮೊಬೈಲಿನಿಂದಲೇ ಹಣ ಕೊಡುತ್ತಾರೆ. ಗಿರಣಿ ಕೆಲಸಗಾರರ ಪಗಾರವೂ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಈ ಅನುಕೂಲವನ್ನು ನಾವು ಹಳಿಯುವುದಿಲ್ಲ. ಆದರೆ ಆ ಹಣ ಬಂದ ದಾರಿಯನ್ನು ಬಲ್ಲವರು ನಮ್ಮಲ್ಲಿ ಎಷ್ಟು ಜನರಿದ್ದಾರೆ?

ಬಲ್ಲವರು ಜೊತೆಗಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಹಾವೇರಿಯೇ ಕಂಡಿದೆ. 2025ರ ಜುಲೈಯಲ್ಲಿ ಅಲ್ಲಿನ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಜಿ.ಎಸ್.ಟಿ. ಕಟ್ಟಬೇಕೆಂಬ ನೋಟೀಸು ಬಂದಿತು. ನಾಲ್ಕು ವರ್ಷಗಳಲ್ಲಿ ಅವರ ಖಾತೆಯಲ್ಲಿ 1.63 ಕೋಟಿ ರೂಪಾಯಿಯ ವಹಿವಾಟು ನಡೆದಿದೆಯೆಂಬುದೇ ಅದಕ್ಕೆ ಆಧಾರ. ತಾಜಾ ತರಕಾರಿಗೆ ಆ ತೆರಿಗೆಯೇ ಇಲ್ಲ! ರಾಜ್ಯದಲ್ಲೆಲ್ಲ ಸಣ್ಣ ವ್ಯಾಪಾರಿಗಳು ಹೆದರಿ, ಅಂಗಡಿಯ ಫಲಕ ಕಿತ್ತು ನಗದು ವ್ಯವಹಾರಕ್ಕೆ ತಿರುಗಿದರು. ಪ್ರತಿಭಟನೆಯ ಸಿದ್ಧತೆ ನಡೆದ ಮೇಲೆ, ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸಾರಿದರು.

ಯಂತ್ರವು ಬಂದ ಹಣವನ್ನು ಎಣಿಸಿತೇ ಹೊರತು ಅದು ಯಾವ ಸರಕಿನದೆಂದು ಕೇಳಲಿಲ್ಲ. ಆ ಉತ್ತರವನ್ನು ಕಿರ್ದಿ ಮತ್ತು ಖತಾವಣಿಯೇ ಕೊಡಬೇಕು. ಕಿರ್ದಿ ಬರೆಯಬಲ್ಲ, ಯಂತ್ರದ ನಡೆಯನ್ನೂ ಅರಿತ ಒಬ್ಬ ತರುಣ ಪೇಟೆಯಲ್ಲಿದ್ದರೆ ಎಷ್ಟೋ ಅಂಗಡಿಗಳು ನಿಶ್ಚಿಂತೆಯಿಂದಿರುತ್ತವೆ.

ಈ ವಿದ್ಯೆಗೆ ಪಟ್ಟಣದವರು ‘ಫಿನ್‌ಟೆಕ್’ ಎಂದು ಹೆಸರಿಟ್ಟಿದ್ದಾರೆ. ಕೆಲವು ತಿಂಗಳಲ್ಲಿ ಕಲಿಸಿ ನೌಕರಿ ಕೊಡಿಸುತ್ತೇವೆಂದು ಸಾವಿರಾರು ರೂಪಾಯಿ ಫೀಜು ಕೇಳುವವರಿಗೂ ಕೊರತೆಯಿಲ್ಲ. ಪಿ.ಯು.ಸಿ. ಮುಗಿಸಿದ ಮಗನಿಗಾಗಿ ಅವ್ವನ ಬಂಗಾರ ಒತ್ತೆಯಿಡುವ ಮೊದಲು ನಾವು ಎರಡು ಪ್ರಶ್ನೆ ಕೇಳಬೇಕು: ಏನು ಕಲಿಸುತ್ತೀರಿ? ಯಾರ ಕೆಲಸಕ್ಕಾಗಿ?

ಪ್ರಾರಂಭದ ಪಾಠ ದೊಡ್ಡದೇನೂ ಅಲ್ಲ. ಮೊದಲು ಜಮಾ-ಖರ್ಚಿನ ಲೆಕ್ಕ. ಅನಂತರ, 2016ರಲ್ಲಿ ಆರಂಭವಾದ ಯು.ಪಿ.ಐ. ವ್ಯವಸ್ಥೆಯಲ್ಲಿ ಕೊಡುವವನ ಬ್ಯಾಂಕಿನಿಂದ ಪಡೆಯುವವನ ಬ್ಯಾಂಕಿಗೆ ಸಂದೇಶ ಹೇಗೆ ಹೋಗುತ್ತದೆ, ನಡುವೆ ರಾಷ್ಟ್ರೀಯ ಪಾವತಿ ನಿಗಮದ ಪಾತ್ರವೇನು ಎಂಬುದು. ಮೂರನೆಯದು ಹಕ್ಕು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಒಂದು ಖಾತೆಯಿಂದ ಕಳೆದು ಇನ್ನೊಂದಕ್ಕೆ ಸೇರದಿದ್ದರೆ ಮರುದಿನದೊಳಗೆ ಹಿಂತಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರಲ್ಲೇ ವಿಧಿಸಿತು. ಇದನ್ನು ಬಲ್ಲ ಕಾರ್ಮಿಕರೆಷ್ಟು ಜನ? ಮೋಸ ಹೋದೊಡನೆ 1930 ಸಂಖ್ಯೆಗೆ ದೂರು ಕೊಡಬೇಕೆಂಬುದನ್ನೂ ಪಾಠದಲ್ಲಿ ಸೇರಿಸಬೇಕು.

ಇನ್ನು ಎರಡನೆಯ ಪ್ರಶ್ನೆ. ಕಲಿತ ಹುಡುಗ ಪಟ್ಟಣದ ಸಾಲದ ಕಂಪನಿಯಲ್ಲಿ ಕುಳಿತು, ತನ್ನಂಥದೇ ಬಡವನಿಗೆ ದಿನವೂ ಫೋನು ಮಾಡಿ ಬೆದರಿಸುವುದೇ ಅವನ ನೌಕರಿಯಾಗಬೇಕೆ? ಬೇರೆ ದಾರಿ ಇದೆ, ಅದೂ ನಮ್ಮ ಸೀಮೆಯದೇ. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಅಂಥ ಸಂಘಗಳಿಗೂ ಈಗ ಗಣಕಯಂತ್ರ ಬರುತ್ತಿದೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗಾಗಿ ಕೇಂದ್ರ ಸರಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯಂತ್ರಕ್ಕೆ ದುಡ್ಡಿದೆ, ಅದರ ಮುಂದೆ ಕೂತು ರೈತನ ಲೆಕ್ಕವನ್ನು ರೈತನಿಗೆ ತಿಳಿಯುವ ಕನ್ನಡದಲ್ಲಿ ಹೇಳುವ ಹುಡುಗ ಹುಡುಗಿಯರನ್ನು ತಯಾರು ಮಾಡುವವರು ಯಾರು?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಿದೆ. ಸರಕಾರಿ ಕಾಲೇಜುಗಳಲ್ಲಿ ಸಂಜೆಯ ವೇಳೆ, ಕನ್ನಡದಲ್ಲಿ, ಫೀಜಿಲ್ಲದೆ ಈ ಪಾಠ ನಡೆಯಲಿ. ಕಲಿತವರಿಗೆ ಊರಿನ ಸಹಕಾರಿ ಸಂಘದಲ್ಲಿ ಸಂಬಳ ಸಹಿತ ತರಬೇತಿ ದೊರೆಯಲಿ. ಗಿರಣಿ ಕಾರ್ಮಿಕರ ಮತ್ತು ವ್ಯಾಪಾರಿಗಳ ಸಂಘಗಳು ಒಂದೇ ಮನವಿಗೆ ಸಹಿ ಹಾಕಿ ಜಿಲ್ಲಾಧಿಕಾರಿಗಳಿಗೆ ಮುಟ್ಟಿಸಲಿ. ಹಿಂದೆ ಸಾಹುಕಾರ ಬರೆದ ಲೆಕ್ಕವನ್ನು ಓದಲಾರದೆ ನಮ್ಮ ಹಿರಿಯರು ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡರು. ಅವರ ಮೊಮ್ಮಕ್ಕಳು ಅದೇ ಹೆಬ್ಬೆರಳಿನಿಂದ ಮೊಬೈಲು ಒತ್ತುತ್ತಿದ್ದಾರೆ. ಈ ಸಲವಾದರೂ ಲೆಕ್ಕ ಓದಿ ಒತ್ತುವಂತಾಗಲಿ.